ಬಟ್ಟಲಗಲ

ಸೈಕ್ ಊರು ಕಡಲಿಗಿಂತ ಎರಡು ಸಾವಿರ ಮೀಟರ್ ಮೇಲೆ.
ಗಲ್ಫಿಗೆ ಹೊರಟವನಿಗೆ ಸ್ವೆಟರ್ ಯಾಕೋ ಅಂತ
ಬಂದರಿನವರೆಲ್ಲ ನಕ್ಕಿದ್ದರು.
ನಾನೂ ನಕ್ಕು, ಬ್ಯಾಗಿನಿಂದ ತೆಗೆದಿಟ್ಟು ಬಂದೆ.

ಜನವರಿ. ದಾಳಿಂಬೆ ಗಿಡಗಳು ಎಲೆ ಕಳಚಿ
ಬರೀ ಮುಳ್ಳಲ್ಲಿ ನಿಂತಿವೆ.
ಖಲ್ಫಾನರ ಹಿತ್ತಲ ಕೊಳದಲ್ಲಿ
ಹನ್ನೊಂದು ಕೋಯಿ ಮೀನು, ಒಂದು ಪೂರ್ತಿ ಕರಿಯದು.
ಫಲಜಿನ ನೀರು, ಒಂದು ಪಂಪು,
ಪಂಪಿನಿಂದ ಇಳಿದ ಹಸಿರು ನಳಿಗೆ, ಅದರ ತುದಿಗೆ
ಗೋಳಿಬಜೆಯಷ್ಟು ಗಾಳಿಕಲ್ಲು.
ಇವಿಷ್ಟನ್ನು ನೋಡಿಕೊಳ್ಳಲು ನಾನು.

ನಾನು ಐಸ್ ಪ್ಲಾಂಟಿನವನು.
ಗಂಗೊಳ್ಳಿಯಲ್ಲಿ ಹನ್ನೆರಡು ವರ್ಷ ಗಡ್ಡೆ ಒಡೆದವನು.
ಐಸಿನ ಮೇಲೆ ಬಂಗುಡೆ, ಬಂಗುಡೆಯ ಮೇಲೆ ಐಸು,
ಸತ್ತದ್ದು ಇನ್ನೂ ನಾಲ್ಕು ದಿನ
ಈಗಷ್ಟೇ ಸತ್ತಂತಿರಲಿ ಎಂದು.
ಗಡ್ಡೆಯೊಂದಕ್ಕೆ ಎಷ್ಟು ಕರೆಂಟು, ಎಷ್ಟು ಉಪ್ಪುನೀರು,
ಎಷ್ಟು ಅಮೋನಿಯಾದ ಕೆಮ್ಮು, ಎಲ್ಲ ಗೊತ್ತಿತ್ತು.
ತಾನಾಗಿ ಬರುವ ಐಸನ್ನು ಕಂಡಿರಲಿಲ್ಲ.

ಇಲ್ಲಿ ಬಂತು.
ಕಂಪ್ರೆಸರಿಲ್ಲದೆ, ಕರೆಂಟು ಬಿಲ್ಲಿಲ್ಲದೆ,
ಮೊದಲು ಬಕೆಟ್ಟಿನ ಬಾಯಿಗೆ, ಆಮೇಲೆ ಫಲಜಿನ ಅಂಚಿಗೆ,
ಮೂರನೇ ರಾತ್ರಿ ಕೊಳದ ಮೇಲೆ,
ಹಾಲಿಗೆ ಕೆನೆ ಕಟ್ಟುವ ಹಾಗೆ, ಯಾರೂ ನೋಡದಾಗ.

ಕೈ ತಾನೇ ಸುತ್ತಿಗೆ ಹುಡುಕಿತು.

ಹೊಡೀಬೇಡ, ಅಂದಳು ಮೌಜಾ ಅಜ್ಜಿ ಅಡುಗೆಮನೆ ಬಾಗಿಲಿಂದ,
ಅರಬಿಯಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ.
ಹೊಡೆದ ಸದ್ದು ನೀರಲ್ಲಿ ಓಡಿ ಮೀನಿನ ಎದೆಗೆ ತಾಗುತ್ತದಂತೆ.
ಕಹ್ವಾ ಕಾಸುವ ಹಳೇ ದಲ್ಲಾ ತಂದಳು, ಒಳಗೆ ಕುದಿನೀರು.
ಐಸಿನ ಮೇಲೆ ಕೂರಿಸಿ ಹಿಡಿಕೆ ಹಿಡಿದು ಕುಕ್ಕರುಗಾಲಲ್ಲಿ ಕೂತೆ.
ಅದು ಮೆಲ್ಲನೆ ಇಳಿಯಿತು, ಗುಂಡಗೆ,
ಒಂದು ಬಟ್ಟಲಗಲ.

ಸಾಕು, ಅಂದಳು.
ಮೂಗಿಗೆ ಎಷ್ಟು ದೊಡ್ಡ ಬಾಗಿಲು ಬೇಕು?

ಗಾಳಿಕಲ್ಲನ್ನು ತಳದಿಂದೆತ್ತಿ ಮೊಣಕೈ ಆಳಕ್ಕೆ ಕಟ್ಟಿದೆ.
ತಳದಲ್ಲಿ ನಾಲ್ಕು ಡಿಗ್ರಿ ಬೆಚ್ಚಗಿದೆ, ಕಲಕಬಾರದು.
ನಾಲ್ಕು ಡಿಗ್ರಿಗೆ ಬೆಚ್ಚಗೆ ಅನ್ನುವುದನ್ನು
ನಾನು ಇಲ್ಲೇ ಕಲಿತದ್ದು.
ರೆಕ್ಕೆ ಮಡಚಿ ಒತ್ತೊತ್ತಾಗಿ ಮಲಗಿದ್ದವು,
ಥೇಟ್ ಬಾಕ್ಸಿನಲ್ಲಿ ಜೋಡಿಸಿದ ಬಂಗುಡೆ.
ಟಾರ್ಚು ಬಿಟ್ಟೆ. ಒಂದರ ಕಿವಿರು ತೆರೆಯಿತು.
ಬಹಳ ಹೊತ್ತು ಬಿಟ್ಟು
ಇನ್ನೊಂದು ಸಲ.

ಫೋನಿನಲ್ಲಿ ಬೇಬಿಯಕ್ಕ: "ಎಂಥ ಮೀನಾ ಅದ್?"
"ಕೋಯಿ."
"ಕೊಯ್ಯಿ ಅಂತ ಹೆಸ್ರಿಟ್ಕಂಡ್ ಕೊಯ್ಯುಕಿಲ್ಯಾ?"
ಕತ್ತಿಮಣೆಯ ಮೇಲೆ ಕೂತೇ ನಕ್ಕಳು.
ಹಿಂದೆ ಕಾಗೆ, ಗಿರಾಕಿ, ಅಂಜಲಿನ ಚೌಕಾಸಿ.
ಮೀನು ಬದುಕಿರಲಿ ಅಂತ ಸಂಬಳವಾ? ಎಷ್ಟು?
ಹೇಳಿದೆ.
ಅವಳ ಕತ್ತಿಯ ಸದ್ದು ನಿಂತಿತು.
"ಹಂಗಾರೆ ಸಮಾ ಕಂಡ್ಕೊ."

ನಿನ್ನೆ ರಾತ್ರಿ ಎರಡೂಕಾಲಿಗೆ ಎಚ್ಚರಾಯಿತು,
ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ.
ಪ್ಲಾಂಟಿನಲ್ಲೂ ಹೀಗೇ, ಕಂಪ್ರೆಸರ್ ಸುಮ್ಮನಾದರೆ
ಕೇರಿಯ ಕೂಸುಗಳೂ ಎದ್ದು ಅಳುತ್ತಿದ್ದವು.
ಪಂಪಿನೊಳಗಿನ ರಬ್ಬರು ಹರಿದಿತ್ತು.
ಶಫಿಕುಲ್ ಕಂಬಳಿ ಹೊದ್ದೇ ಬಂದು
ತನ್ನ ಸೈಕಲ್ಲಿನ ಟ್ಯೂಬು ಕತ್ತರಿಸಿ ಕೊಟ್ಟ,
ಬಂಗಾಳಿಯಲ್ಲಿ ಬಯ್ಯುತ್ತ, ಯಾರನ್ನೋ.
ಬೆರಳು ಮರಗಟ್ಟಿ ಸ್ಕ್ರೂ ಎರಡು ಸಲ ಬಿತ್ತು.
ಅಷ್ಟರಲ್ಲಿ ಬಟ್ಟಲಿಗೆ ತೆಳ್ಳಗೆ ಮುಚ್ಚಳ ಬಂದಿತ್ತು,
ಹೆಬ್ಬೆರಳಿಂದ ಒತ್ತಿದೆ, ಹಪ್ಪಳದಂತೆ ಮುರಿಯಿತು.

ಗುರ್ರ್ ಅಂದಿತು ಪಂಪು.
ಒಂದು ಗುಳ್ಳೆ. ಕಾದೆವು. ಮೂರು.
ಆಮೇಲೆ ಎಸರು ಮರಳುವ ಹಾಗೆ.

ಎಣಿಸಿದೆ, ಹತ್ತು.
ಇನ್ನೊಮ್ಮೆ ಎಣಿಸಿದೆ, ಹತ್ತೇ.
ಕರಿಯದಲ್ವಾ, ಕತ್ತಲಲ್ಲಿ ಕಾಣ್ತಿಲ್ಲ ಅಷ್ಟೆ,
ಅಂದು ಶಫಿಕುಲ್ ಒಳಗೆ ಹೋದ.
ಟಾರ್ಚು ಮಂಕಾಗಿತ್ತು.
ಅದರ ಸೆಲ್ಲುಗಳನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು,
ಅವು ಬೆಚ್ಚಗಾಗಲಿ ಎಂದು
ಅಲ್ಲೇ ಕಟ್ಟೆಯ ಮೇಲೆ ಕೂತೆ.